ಅಂಗೈಗೆ ಸಿಗದ ಬಿಸಿ

ಚಳಿಗಾಲದಲ್ಲಿ ನಮ್ಮ ಗಣಿ ಊರಿನಲ್ಲಿ ಒಗೆದ ಬಟ್ಟೆಯನ್ನು ಹೊರಗೆ ಹರವುವಂತಿಲ್ಲ. ಬೆಳಿಗ್ಗೆ ಬಿಳಿ ಅಂಗಿ ಹರವಿದರೆ ಸಂಜೆಗೆ ಬೂದಿ ಬಣ್ಣದ ಅಂಗಿ ಸಿಗುತ್ತದೆ. ಮನೆಮನೆಯ ಚಿಮಣಿಯಿಂದ ಬಂದ ಕಲ್ಲಿದ್ದಲ ಹೊಗೆ ಮೇಲೆ ಹೋಗದೆ ಬೀದಿಯಲ್ಲೇ ಮಲಗಿರುತ್ತದೆ. ನಾವು ಅದಕ್ಕೆ ಮಂಜು ಎಂದು ಹೆಸರಿಟ್ಟು ಸುಮ್ಮನಾಗುತ್ತೇವೆ. ಮಂಜು ಯಾವತ್ತಾದರೂ ಗಂಟಲು ಉರಿಸುತ್ತದೆಯೇ?

ಬ್ರಿಗಿಡಾಳಿಗೆ ಗಂಟಲಷ್ಟೇ ಅಲ್ಲ, ಎದೆಯೂ ಉರಿಯುತ್ತಿತ್ತು. ಅವಳ ಗಂಡ ಎವಾಲ್ಡ್ ಗಣಿಯಲ್ಲಿ ದುಡಿದು ನಿವೃತ್ತನಾದವನು. ಮಂಡಿ ಸವೆದು ನೆಲಮಾಳಿಗೆಯ ಮೆಟ್ಟಿಲು ಇಳಿಯಲಾರ. ಹಾಗಾಗಿ ಮನೆಯನ್ನೆಲ್ಲ ಬೆಚ್ಚಗಿಡುವ ಕೆಳಗಿನ ಬಾಯ್ಲರ್‌ಗೆ ಕಲ್ಲಿದ್ದಲು ತುಂಬುವುದು, ಬೂದಿ ಬಳಿದು ಬಕೆಟ್ಟಿನಲ್ಲಿ ಹೊತ್ತು ತರುವುದು ಎಲ್ಲ ಬ್ರಿಗಿಡಾಳ ಪಾಲಿಗೆ ಬಂದಿತ್ತು. ಡಿಸೆಂಬರಿನಲ್ಲಿ ಗಣಿಯವರನ್ನು ಕಾಯುವ ಸಂತ ಬಾರ್ಬರಾಳ ಹಬ್ಬ ಬಂದರೆ ಚರ್ಚಿನ ಮೇಳದಲ್ಲಿ ಅವಳದೇ ದನಿ ಎದ್ದು ಕೇಳಿಸುತ್ತಿತ್ತು. ಆ ವರ್ಷ ಮೊದಲ ಸಾಲು ಮುಗಿಯುವ ಮುಂಚೆಯೇ ಕೆಮ್ಮುತ್ತ ಹೊರಗೆ ಹೋದಳು. ಡಾಕ್ಟರು ಮುಚ್ಚುಮರೆ ಮಾಡಲಿಲ್ಲ. ಇನ್ನೊಂದು ಚಳಿಗಾಲ ಆ ಬಾಯ್ಲರ್ ಮುಂದೆ ಬಗ್ಗಿದರೆ ಹಾಡುವುದಿರಲಿ, ಮೆಟ್ಟಿಲು ಹತ್ತುವುದೂ ಕಷ್ಟ ಎಂದರು.

ಎವಾಲ್ಡನೇನು ಕಲ್ಲಲ್ಲ. ಆ ಮಾತು ಕೇಳಿ ಒಂದು ಇಡೀ ಸಂಜೆ ಕಿಟಕಿಗೆ ಮುಖ ಮಾಡಿ ಕೂತಿದ್ದ. ಆದರೆ ಬೇರೆ ದಾರಿ ಅವನಿಗೆ ಕಾಣಲಿಲ್ಲ. ಬಿಸಿ ಎಂದರೆ ಬೆಂಕಿ, ಬೆಂಕಿ ಎಂದರೆ ಕಲ್ಲಿದ್ದಲು. ಅದೇ ಅವನ ಲೆಕ್ಕ.

ಆ ವಾರವೇ ಮಿರುಗುವ ಬೂಟು ಹಾಕಿದವನೊಬ್ಬ ಬಾಗಿಲು ತಟ್ಟಿದ. ಹೀಟ್ ಪಂಪ್ ಎಂಬ ಯಂತ್ರ ಹೊರಗಿನ ಗಾಳಿಯಿಂದಲೇ ಬಿಸಿ ಎಳೆದು ಮನೆಗೆ ಕೊಡುತ್ತದೆ, ನಿಮ್ಮ ಮನೆಗೆ ಎಲ್ಲಕ್ಕಿಂತ ದೊಡ್ಡದೇ ಬೇಕು, ಸರ್ಕಾರದ ಸಹಾಯಧನ ನಾವೇ ಕೊಡಿಸುತ್ತೇವೆ, ಇವತ್ತೇ ಸಹಿ ಹಾಕಿ ಎಂದು ಒಂದೇ ಉಸಿರಿಗೆ ಹೇಳಿದ. ಎವಾಲ್ಡ್ ಊರುಗೋಲು ಎತ್ತಿ ಅವನನ್ನು ಗೇಟಿನಾಚೆ ದಾಟಿಸಿದ. ಮಾಡಿದ್ದು ಸರಿಯಾದ ಕೆಲಸ, ಆದರೆ ತಪ್ಪು ಕಾರಣಕ್ಕೆ.

"ಹಿಮ ಬೀಳೋ ಗಾಳೀಲಿ ಬಿಸಿ ಹುಡುಕ್ತಾನಂತೆ. ನಾಳೆ ಕಲ್ಲಿಂದ ಹಾಲು ಕರೀತೀನಿ ಅಂತಾನೆ," ಎಂದು ಬೈದುಕೊಂಡು ಒಳಗೆ ಬಂದ.

ಬ್ರಿಗಿಡಾ ಎದುರಾಡಲಿಲ್ಲ. ಬೇಲಿಯಾಚೆಯ ಹಿಲ್ಡಾಳಿಗೆ ಹೇಳಿಕೊಂಡಳು. ಹಿಲ್ಡಾ ಗಂಡನಿಲ್ಲದ ಹೆಂಗಸು, ಒಂದು ಮಾತಿಗೆ ಎರಡು ಆಡುವವಳು. ಹೋದ ವರ್ಷವೇ ಹೀಟ್ ಪಂಪ್ ಹಾಕಿಸಿಕೊಂಡಿದ್ದಳು. "ಭಾನುವಾರ ಕಾಫಿಗೆ ಕರ್ಕೊಂಡು ಬಾ ನಿನ್ನ ಮುದುಕನ್ನ. ಬಾಕಿ ನನಗೆ ಬಿಡು," ಎಂದಳು.

ಭಾನುವಾರ ಹೊರಗೆ ನೀರು ಕಲ್ಲಾಗುವ ಚಳಿ. ಎವಾಲ್ಡ್ ಸ್ವೆಟರಿನ ಮೇಲೆ ದಪ್ಪ ಕೋಟು ಹಾಕಿಕೊಂಡೇ ಬಂದ. ಒಳಗೆ ಬಂದವನು ನೆಟ್ಟಗೆ ಕಿಟಕಿಯ ಕೆಳಗಿನ, ಬಿಸಿನೀರು ಹರಿಯುವ ರೇಡಿಯೇಟರ್ ಹತ್ತಿರ ಹೋಗಿ ಅಂಗೈ ಇಟ್ಟು ನೋಡಿದ. ಅವನ ಮನೆಯ ರೇಡಿಯೇಟರ್ ಮುಟ್ಟಿದರೆ ಕೈ ಸುಡುತ್ತದೆ. ಇದು ಉಗುರು ಬೆಚ್ಚಗೆ ಇತ್ತು.

"ಹಿಲ್ಡಾ, ನಿನ್ನ ಯಂತ್ರ ಸತ್ತಿದೆ. ಹೆಣನೂ ಇದಕ್ಕಿಂತ ಬೆಚ್ಚಗಿರತ್ತೆ."

"ಹೆಣಕ್ಕೆ ಆಮೇಲೆ ಅಳೋಣ, ಮೊದಲು ಕೂತ್ಕೋ," ಎಂದು ಹಿಲ್ಡಾ ಗಸಗಸೆ ಕೇಕು ಕೊಯ್ದಳು.

ಮಾತು ಬೆಳೆಯಿತು. ಫ್ರಿಜ್ಜಿನ ಹಿಂಬದಿ ಮುಟ್ಟಿ ನೋಡು ಎಂದಳು ಹಿಲ್ಡಾ. ಅದು ಒಳಗಿನ ಬಿಸಿ ಎಳೆದು ಹೊರಗೆ ಹಾಕುತ್ತದೆ, ಹೀಟ್ ಪಂಪ್ ಹೊರಗಿನದನ್ನು ಎಳೆದು ಒಳಗೆ ಹಾಕುತ್ತದೆ, ಅಷ್ಟೇ. ಎಷ್ಟೇ ಚಳಿಯಿದ್ದರೂ ಗಾಳಿಯಲ್ಲಿ ಒಂದಿಷ್ಟು ಬಿಸಿ ಉಳಿದಿರುತ್ತದೆ. ಎವಾಲ್ಡ್ ಒಪ್ಪಲಿಲ್ಲ. ವಾದ ಮಾಡುತ್ತ ಕೋಟು ತೆಗೆದು ಕುರ್ಚಿಗೆ ಹಾಕಿದ. ಇನ್ನೊಂದು ಲೋಟ ಕಾಫಿ ಕುಡಿದು, ಈ ಮನೆಯಲ್ಲಿ ಮುದುಕರು ಬದುಕಲಾರರು ಎನ್ನುತ್ತ ಸ್ವೆಟರನ್ನೂ ತೆಗೆದ. ಬ್ರಿಗಿಡಾ ಎಲ್ಲ ನೋಡುತ್ತಿದ್ದಳು. ನಗು ಬಂದರೂ ತುಟಿ ಬಿಚ್ಚಲಿಲ್ಲ.

"ಎವಾಲ್ಡ್, ನಿನ್ನ ಕೋಟೆಲ್ಲಿ?" ಎಂದಳು ಹಿಲ್ಡಾ.

ಅವನು ಬಗ್ಗಿ ತನ್ನನ್ನೇ ನೋಡಿಕೊಂಡ. ಬರೀ ಅಂಗಿಯಲ್ಲಿದ್ದ, ತೋಳು ಬೇರೆ ಮಡಚಿದ್ದ.

"ಕಾಫಿ ಬಿಸಿ ಇತ್ತು," ಎಂದ.

ಹಿಲ್ಡಾ ಬಿಡಲಿಲ್ಲ. "ಗಣೀಲಿ ಗ್ಯಾಸ್ ಇದೆಯೋ ಇಲ್ವೋ ಅಂತ ಮೂಗಲ್ಲಿ ನೋಡ್ತಿದ್ದೆಯಾ? ಮೀಟರ್ ನೋಡದೆ ಒಳಗೆ ಕಾಲಿಟ್ಟ ಹುಡುಗನ ಕಪಾಳಕ್ಕೆ ಬಾರಿಸಿದವನು ನೀನು. 'ನನ್ನ ಮೂಗಿಗೆ ಏನೂ ಗೊತ್ತಾಗ್ಲಿಲ್ಲ' ಅಂತ ಅವನು ಅತ್ತಿದ್ದಕ್ಕೆ ಇನ್ನೊಂದು ಕೊಟ್ಟೆಯಂತೆ. ಈಗ ನೀನೇ ಅಂಗೈಲಿ ಬಿಸಿ ಅಳೀತೀಯಲ್ಲ? ಗೋಡೆ ಮೇಲೆ ನೋಡು."

ಗೋಡೆಯ ಥರ್ಮಾಮೀಟರ್ ಇಪ್ಪತ್ತೊಂದು ಡಿಗ್ರಿ ತೋರಿಸುತ್ತಿತ್ತು. ರೇಡಿಯೇಟರ್ ಕೈ ಸುಡಬೇಕಾಗಿಲ್ಲ, ಮನೆ ಬೆಚ್ಚಗಿದ್ದರೆ ಸಾಕು.

ಎವಾಲ್ಡ್ ಕಣ್ಣು ಕಿರಿದು ಮಾಡಿ ಅಂಕಿಯನ್ನು ಇನ್ನೊಮ್ಮೆ ಓದಿದ. ಆಗ ಬ್ರಿಗಿಡಾ ಮೆಲ್ಲಗೆ ಹೇಳಿದಳು: "ಇಲ್ಲಿಗೆ ಬಂದ ಮೇಲೆ ನಾನು ಒಂದ್ಸಲನೂ ಕೆಮ್ಮಿಲ್ಲ. ನೋಡಿದೆಯಾ ನೀನು?"

ನೋಡಿರಲಿಲ್ಲ. ಈಗ ಬಹಳ ಹೊತ್ತು ಅವಳನ್ನೇ ನೋಡಿದ.

ಮರುದಿನ ಅವನದೇ ಅವಸರ. ಕೊಳ್ಳುವುದಾದರೆ ದೊಡ್ಡದನ್ನೇ ಕೊಳ್ಳೋಣ ಎಂದ. ಬೂಟಿನವನನ್ನೇ ವಾಪಸ್ ಕರೀತೀಯಾ ಎಂದು ಗದರಿ ಹಿಲ್ಡಾ ಇಬ್ಬರನ್ನೂ ಪಂಚಾಯಿತಿ ಕಚೇರಿಗೆ ಕರೆದೊಯ್ದಳು. ಅಲ್ಲಿನ ಸಲಹೆಗಾರ್ತಿ ಸಮಾಧಾನದಿಂದ ತಿಳಿಸಿಕೊಟ್ಟಳು. ಮೊದಲು ಮನೆಯ ಬಿಸಿ ಎಲ್ಲಿಂದ ಸೋರುತ್ತಿದೆ ಎಂದು ಅಳೆಸಬೇಕು. ಅಟ್ಟಕ್ಕೆ, ಗೋಡೆಗೆ ಬಿಸಿ ಸೋರದಂತೆ ತಡೆಯುವ ಹೊದಿಕೆ ಹಾಕಿಸಿದರೆ ಚಿಕ್ಕ ಯಂತ್ರವೇ ಸಾಕಾಗುತ್ತದೆ. ಬೇಕಾದ್ದಕ್ಕಿಂತ ದೊಡ್ಡದು ಹಾಕಿದರೆ ಅದು ಗಳಿಗೆಗೊಮ್ಮೆ ಹತ್ತಿ ಆರಿ ಬೇಗ ಸವೆಯುತ್ತದೆ, ಕರೆಂಟನ್ನೂ ತಿನ್ನುತ್ತದೆ. ಸಹಾಯಧನ ಬೇಕಾದರೆ ಯಂತ್ರ ಸರ್ಕಾರ ಒಪ್ಪಿದ ಪಟ್ಟಿಯಲ್ಲಿರಬೇಕು. ಷರತ್ತೆಲ್ಲ ಕೇಳಿಕೊಂಡ ಮೇಲೆಯೇ ದುಡ್ಡು ಬಿಚ್ಚಬೇಕು. ವರಮಾನ ಕಡಿಮೆಯಿದ್ದವರಿಗೆ ಸಹಾಯ ಹೆಚ್ಚು, ಪಿಂಚಣಿದಾರರು ಅದನ್ನು ಕೇಳಲು ಸಂಕೋಚಪಡಬಾರದು.

ಕೊನೆಯ ಷರತ್ತು ಎವಾಲ್ಡನ ಎದೆಗೆ ನಾಟಿತು. ಹಳೆಯ ಬಾಯ್ಲರ್ ಹೋಗಬೇಕು. ಗುಜರಿಗೆ ಹಾಕಿದ ರಸೀದಿಯೂ ಬೇಕು. ಯಾವ ಕಷ್ಟಕ್ಕೋ ಇರಲಿ, ಮೂಲೆಯಲ್ಲಿ ಮುಚ್ಚಿಡುತ್ತೇನೆ ಎಂದು ಬೇಡಿಕೊಂಡ. ಆಗುವುದಿಲ್ಲ ಎಂದಳು ಸಲಹೆಗಾರ್ತಿ. ಆ ಬಾಯ್ಲರ್ ಅವನೇ ಬೆಸುಗೆ ಹಾಕಿ ಕಟ್ಟಿದ್ದು. ಮನೆಗೆ ಬಂದವನು ಊಟ ಬಿಟ್ಟು ಮಲಗಿದ. ಬೆಳಿಗ್ಗೆ ಎದ್ದು ಅರ್ಜಿಗೆ ಸಹಿ ಹಾಕಿದ.

ಬೇಸಿಗೆಯಲ್ಲಿ ಅಟ್ಟಕ್ಕೆ ಹೊದಿಕೆ ಬಂತು. ಪಂಪ್ ಕೂರಿಸುವವರು ಬರುವ ದಿನ ಬೆಳಿಗ್ಗೆ ಬ್ರಿಗಿಡಾ ನೋಡುತ್ತಾಳೆ, ಗಂಡ ಹಾಸಿಗೆಯಲ್ಲಿಲ್ಲ. ಮಂಡಿ ಬಗ್ಗದ ಆ ಮನುಷ್ಯ ಸ್ಪ್ಯಾನರ್ ಹಿಡಿದು, ಒಂದೊಂದೇ ಮೆಟ್ಟಿಲ ಮೇಲೆ ಕೂತು ಕೂತು ಇಳಿದು ನೆಲಮಾಳಿಗೆ ಸೇರಿದ್ದ. ಬೇರೆಯವರು ಸುತ್ತಿಗೆಯಲ್ಲಿ ಒಡೆಯುವುದು ಅವನಿಗೆ ಬೇಡವಾಗಿತ್ತು. ಒಂದೊಂದು ನಟ್ಟನ್ನೂ ತಾನೇ ಬಿಚ್ಚಿದ. ಕೊನೆಗೆ ಕಬ್ಬಿಣದ ಬಾಗಿಲಿನ ಮೇಲೆ ಕೈಯಿಟ್ಟು, ಪಾಳಿ ಮುಗಿಸಿದ ಜೊತೆಗಾರನಿಗೆ ಹೇಳುವ ಹಾಗೆ, "ದೇವರು ಒಳ್ಳೇದು ಮಾಡ್ಲಿ" ಎಂದ. ಬ್ರಿಗಿಡಾ ಮೆಟ್ಟಿಲ ಮೇಲೆಯೇ ನಿಂತಳು. ಮದುವೆಯಾದ ದಿನವೂ ಅವನ ಮೇಲೆ ಅಷ್ಟು ಪ್ರೀತಿ ಬಂದಿರಲಿಲ್ಲ ಎಂದು ಆಮೇಲೆ ಹಿಲ್ಡಾಳ ಹತ್ತಿರ ಹೇಳಿದಳಂತೆ.

ಈಗ ಆ ಜಾಗದಲ್ಲಿ ಉಪ್ಪು ಹಾಕಿ ಹುಳಿ ಬರಿಸಿದ ಎಲೆಕೋಸಿನ ಭರಣಿ ಇದೆ. ನೆಲಮಾಳಿಗೆ ತಂಪಾಗಿರುವುದರಿಂದ ಕೋಸು ಕೆಡುವುದಿಲ್ಲ.

ಡಿಸೆಂಬರ್ ಬಂತು. ಹಬ್ಬದ ದಿನ ಎವಾಲ್ಡ್ ಗಣಿಯವರ ಕಪ್ಪು ಸಮವಸ್ತ್ರ ತೊಟ್ಟು, ಗರಿಯ ಟೊಪ್ಪಿಗೆ ತೊಡೆಯ ಮೇಲಿಟ್ಟು ಮುಂದಿನ ಬೆಂಚಿನಲ್ಲಿ ಕೂತ. ಮೇಳ ಎದ್ದು ನಿಂತಿತು. ಬ್ರಿಗಿಡಾ ಮೊದಲ ಸಾಲು ಎತ್ತಿಕೊಂಡಳು. ಅವನು ಉಸಿರು ಹಿಡಿದು ಕೇಳಿದ. ಅವಳು ಆ ಸಾಲು ಮುಗಿಸಿದಳು, ಮುಂದಿನದನ್ನೂ ಮುಗಿಸಿದಳು, ಹಾಡನ್ನೇ ಮುಗಿಸಿದಳು. ಹಿಲ್ಡಾ ಹಿಂದಿನಿಂದ ಅವನ ಬೆನ್ನಿಗೆ ತಿವಿದು, "ಈಗ ಉಸಿರು ಬಿಡು, ಸತ್ತುಹೋಗ್ತೀಯ," ಎಂದು ಪಿಸುಗುಟ್ಟಿದಳು.

ಇದನ್ನು ಓದುತ್ತಿರುವ ನಿಮಗೆ ಒಂದು ಮಾತು. ನಿಮ್ಮ ಮನೆಯಲ್ಲಿ ಬೂದಿ ಬಕೆಟ್ ಹೊತ್ತು ಮೆಟ್ಟಿಲು ಹತ್ತುವವರು ಯಾರು? ಬಾಗಿಲಿಗೆ ಬಂದು ಅವಸರ ಮಾಡುವವನಿಗೆ ಸಹಿ ಹಾಕಬೇಡಿ, ಮುಂಗಡ ಕೊಡಬೇಡಿ. ನಿಮ್ಮ ಪಂಚಾಯಿತಿ ಕಚೇರಿಗೆ ಹೋಗಿ ಈ ವರ್ಷದ ನಿಯಮ ಏನೆಂದು ಕೇಳಿ. ಮೊದಲು ಮನೆ ಅಳೆಸಿ, ಆಮೇಲೆ ಯಂತ್ರ ಆರಿಸಿ. ಬರುವ ಚಳಿಗಾಲದವರೆಗೆ ಕಾಯಬೇಡಿ, ಈಗಲೇ ಏಳಿ. ಏಳುವ ಮೊದಲು ನಿಮ್ಮ ಅಂಗೈಯನ್ನು ಆ ಬಕೆಟ್ ಹೊರುವವರ ಬೆನ್ನ ಮೇಲಿಟ್ಟು, ಉಸಿರು ಹೇಗೆ ಬರುತ್ತಿದೆ ಎಂದು ನೋಡಿ.