ಫಾಂಟೆನೊಗೆ ಹೇಗೆ ಗೊತ್ತಾಗುತ್ತಿತ್ತು

ಮತ್ತೆ ಅಳಿಸಿಬಿಟ್ಟ, ಅಂಗೈಯಲ್ಲೇ ಅಳಿಸಿಬಿಟ್ಟ, ಒರೆಸುವ ಬಟ್ಟೆ ಪಕ್ಕದಲ್ಲೇ ಇದೆ, ಮುಟ್ಟುವುದಿಲ್ಲ, ಬಿಳಿ ಹಲಗೆಯ ಮೇಲೆ ಹನ್ನೊಂದು ಸೊನ್ನೆ ಬರೆಯುತ್ತಾನೆ, ಅವುಗಳ ಎದುರಿಗೆ ಹನ್ನೊಂದು ಕತ್ತರಿ ಗುರುತು, ಎರಡು ಬಾಣ ಎಳೆಯುತ್ತಾನೆ, ನನ್ನ ಕಣ್ಣು ಮೂರನೆಯ ಬಾಣಕ್ಕೆ ಕಾಯುತ್ತಿರುವಾಗಲೇ ಆ ಅಗಲವಾದ ಅಂಗೈ ಬಂದು ಎಲ್ಲವನ್ನೂ ನೀಲಿ ಮಸಿಯಾಗಿಸಿ ಹೋಗುತ್ತದೆ — ಮಿಕ್ಕಿದ್ದು ಕೆಲಸ ಕೊಟ್ಮೇಲೆ ಕೋಚ್, ಅನ್ನುತ್ತಾನೆ, ನಗುತ್ತಾನೆ, ಮುಂದಿನ ಹಲ್ಲೊಂದು ಇಲ್ಲ, ಅದು ನಮ್ಮದೇ ಮೈದಾನದಲ್ಲಿ ಹೋದದ್ದಂತೆ, ಎಷ್ಟು ಹೆಮ್ಮೆ ನೋಡಿ ಅದಕ್ಕೂ. ಎಲ್‌ರಾಯ್ ಫಾಂಟೆನೊ, ಅರವತ್ತೊಂದು ವರ್ಷ, ಹೋದ ತಿಂಗಳವರೆಗೆ ಸೇಂಟ್ ಅರ್ನೊ ಕಾಲೇಜಿನ ಅಮೆರಿಕನ್ ಫುಟ್‌ಬಾಲ್ ತಂಡದ ಡಿಫೆನ್ಸ್ ಕೋಚ್, ಎದುರಿನವರನ್ನು ತಡೆಯುವುದು ಕಲಿಸುವವನು, ಅಲ್ಲಿಗೆ ಹೊಸ ಹೆಡ್ ಕೋಚ್ ಬಂದ, ಬಂದವನು ತನ್ನ ಪರಿವಾರವನ್ನೇ ಕಟ್ಟಿಕೊಂಡು ಬಂದ, ಹಳಬರ ಕೈಗೆ ಒಂದೊಂದು ರಟ್ಟಿನ ಪೆಟ್ಟಿಗೆ ಕೊಟ್ಟು ಸಾಮಾನು ತುಂಬಿಕೊಳ್ಳಿ ಅಂದ, ನಮ್ಮ ಕಸುಬಿನಲ್ಲಿ ಇದೇನು ಹೊಸದಲ್ಲ, ನಾನೂ ಮೂರು ಊರುಗಳಲ್ಲಿ ಆ ಪೆಟ್ಟಿಗೆ ಹೊತ್ತಿದ್ದೇನೆ. ಹಲಗೆ ಅಳಿಸುವುದೂ ಹೊಸದಲ್ಲ. ಕೆಲಸ ಕೊಡುತ್ತೇವೆ ಬನ್ನಿ ಅಂತ ಕರೆಯುವುದು, ಕಾಫಿ ಕೊಡುವುದು, ನಾಲ್ಕು ಗಂಟೆ ಹಲಗೆಯ ಮುಂದೆ ನಿಲ್ಲಿಸಿ ಅವನ ತಲೆಯಲ್ಲಿರುವ ಆಟವನ್ನೆಲ್ಲ ಬರೆಸಿಕೊಳ್ಳುವುದು, ಆಮೇಲೆ ಕೈಕುಲುಕಿ ಕಳಿಸುವುದು, ಹೀಗೆ ಕರೆಯದ ಹೆಡ್ ಕೋಚ್ ಈ ದೇಶದಲ್ಲಿ ಹುಟ್ಟಿಲ್ಲ, ಹೀಗೆ ಮೋಸ ಹೋಗದ ಡಿಫೆನ್ಸ್ ಕೋಚೂ ಹುಟ್ಟಿಲ್ಲ. ನಾನು ಕರೆದಿರುವುದೂ ಹಾಗೆಯೇ, ಏನಿದೆ ಮುಚ್ಚಿಡುವುದಕ್ಕೆ, ನನ್ನ ತಲೆಯೊಳಗಾದರೂ ಸತ್ಯ ಹೇಳಿಕೊಳ್ಳಬಹುದಲ್ಲ. ಆದರೆ ನನಗೆ ಬೇಕಾಗಿರುವುದು ಅವನ ಬಾಣಗಳಲ್ಲ, ಒಂದೇ ಒಂದು ಪ್ರಶ್ನೆಗೆ ಉತ್ತರ — ಹನ್ನೊಂದು ವರ್ಷ ನಾವಿಬ್ಬರು ಎದುರಾಗಿದ್ದೇವೆ, ಮೊದಲೆರಡು ಗೆದ್ದೆ, ಆಮೇಲಿನ ಒಂಬತ್ತೂ ಸೋತಿದ್ದೇನೆ, ನಮ್ಮ ಹುಡುಗ ಚೆಂಡು ಎಸೆಯುತ್ತಾನೋ ಅಥವಾ ಹಿಡಿದುಕೊಂಡು ಓಡುತ್ತಾನೋ, ಇರುವುದು ಇವೆರಡೇ ದಾರಿ, ಆ ಎರಡರಲ್ಲಿ ಯಾವುದು ಅಂತ ಈ ಮನುಷ್ಯನಿಗೆ ಪ್ರತೀ ಸಲವೂ ಮೊದಲೇ ಗೊತ್ತಿರುತ್ತಿತ್ತು, ಹೇಗೆ? ನಾನು ಆಟದ ಸಂಕೇತಗಳನ್ನು ಬದಲಾಯಿಸಿದೆ, ಸಂಕೇತ ತೋರಿಸುವ ಹುಡುಗರನ್ನು ಬದಲಾಯಿಸಿದೆ, ನಮ್ಮ ಬಟ್ಟೆ ಒಗೆಯುವವನ ಮೇಲೂ ಅನುಮಾನ ಪಟ್ಟೆ, ಪಾಪ, ಅವನು ನನ್ನ ಜೊತೆ ಎರಡು ವರ್ಷ ಮಾತಾಡಲಿಲ್ಲ.

ನಮ್ಮ ಡಿಫೆನ್ಸ್ ಕೋಚ್ ಕೆಲಸ ಆಗಲೇ ಟ್ರೆವರ್ ಸ್ಟಾಕ್‌ಡೇಲ್‌ಗೆ ಹೋಗಿಬಿಟ್ಟಿದೆ, ಪತ್ರ ಇಲ್ಲೇ ಮೇಜಿನ ಮೇಲಿದೆ, ಕಡತದ ಕೆಳಗೆ, ಸಹಿ ಒಂದು ಬಾಕಿ. ನಿನ್ನೆ ಬಂದಿದ್ದ, ಮೂವತ್ನಾಲ್ಕು ವರ್ಷ, ಬೂಟು ನೋಡಿದರೆ ಮದುಮಗನ ಹಾಗಿದ್ದ, ಕಂಪ್ಯೂಟರು ತೆರೆದು ನೂರಾ ಹನ್ನೆರಡು ಚಿತ್ರ ತೋರಿಸಿದ, ಅದರಲ್ಲಿ ನಲವತ್ತರಲ್ಲಿ ಅವನೇ ಇದ್ದ. ಲ್ಯಾಸಿಟರ್ ತನ್ನ ವಿಮಾನ ಕಳಿಸಿ ಕರೆಸಿದ ಹುಡುಗ ಅದು. ಲ್ಯಾಸಿಟರ್ ಅಂದರೆ ಊರಾಚೆಯ ಕೋಳಿ ಕಾರ್ಖಾನೆ, ಲ್ಯಾಸಿಟರ್ ಅಂದರೆ ನಮ್ಮ ಮೈದಾನದ ದೀಪ, ಹುಲ್ಲು, ಹೆಸರು ಎಲ್ಲ, ಬೆಳಿಗ್ಗೆ ನಮ್ಮ ಕಡೆಯ ಮೆತ್ತನೆ ಬನ್ನಿನಂಥ ಬಿಸ್ಕಿಟ್ಟಿಗೆ ಗ್ರೇವಿ ಹಾಕಿಕೊಳ್ಳುವ ಹೊತ್ತಿಗೆ ಸರಿಯಾಗಿ ಫೋನು — ಕೋಚ್, ಆ ಹುಡುಗನ್ನ ಕೈಬಿಟ್ರೆ ನಿಮ್ಮಂಥ ದಡ್ಡ ಇನ್ನೊಬ್ಬ ಇಲ್ಲ, ನಾನೇನು ಒತ್ತಾಯ ಮಾಡ್ತಿಲ್ಲ, ನಿಮ್ಮಿಷ್ಟ, ಆದ್ರೆ ಯೋಚನೆ ಮಾಡಿ. ಆ ವಿಮಾನದ ಕಥೆಯೇ ಒಂದು ಪುರಾಣ, ಜನವರಿ ಬಂದರೆ ಊರಿನವರೆಲ್ಲ ಕೆಲಸ ಬಿಟ್ಟು ಅದು ಎಲ್ಲಿಗೆ ಹಾರಿತು ಅಂತ ಫೋನಿನಲ್ಲಿ ನೋಡುತ್ತ ಕೂರುತ್ತಾರೆ, ಹಾರಿದ ಊರಿನಿಂದ ಹೊಸ ಕೋಚ್ ಬರುತ್ತಾನೆ ಅಂತ ಲೆಕ್ಕ, ಹೋದ ಮಂಗಳವಾರ ಮೆಂಫಿಸ್‌ಗೆ ಹೋಯಿತು, ಮಧ್ಯಾಹ್ನದೊಳಗೆ ಬೇಕರಿಯವಳು ಅಲ್ಲಿನ ಕೋಚ್‌ಗೆ ಸ್ವಾಗತ ಅಂತ ಕೇಕಿನ ಮೇಲೆ ಬರೆದು ಕಿಟಕಿಯಲ್ಲಿಟ್ಟಿದ್ದಳು, ನೋಡಿದರೆ ಲ್ಯಾಸಿಟರ್ ತನ್ನ ನಾಯಿಯ ಕಣ್ಣು ತೋರಿಸುವುದಕ್ಕೆ ಹೋಗಿದ್ದ. ಕೇಕನ್ನು ಡಾಟಿ ಅರ್ಧ ಬೆಲೆಗೆ ತಂದಳು, ಅಕ್ಷರ ಕೆರೆದು ತಿಂದೆವು, ಚೆನ್ನಾಗಿತ್ತು. ಡಾಟಿ, ನನ್ನ ಹೆಂಡತಿ, ಅಡುಗೆಮನೆಗೆ ಹಳದಿ ಬಣ್ಣ ಹೊಡೆಸಿದ್ದಾಳೆ, ಹೋಯ್ಟ್ ಪೆಟಿಗ್ರೂ, ಈ ಗೋಡೆ ಬಿಟ್ಟು ನಾನೆಲ್ಲಿಗೂ ಬರಲ್ಲ, ನೀನು ಬೇಕಾದ್ರೆ ಹೋಗು, ಅಂದಿದ್ದಾಳೆ. ತಮಾಷೆಗೆ ಅಂದದ್ದು, ಪೂರ್ತಿ ತಮಾಷೆಯೂ ಅಲ್ಲ. ಕೊನೆಯ ಪಂದ್ಯದಲ್ಲಿ ನಲವತ್ತೊಂಬತ್ತು ಅಂಕ ಹೊಡೆದೂ ಸೋತೆವು, ಎದುರಿನವರು ಐವತ್ತೆರಡು, ನಮ್ಮ ಡಿಫೆನ್ಸು ಅಂದರೆ ತೂತು ಮಡಕೆ, ಎಷ್ಟು ಸುರಿದರೂ ನಿಲ್ಲುವುದಿಲ್ಲ, ಮಾರನೆಯ ದಿನ ಕಾಲೇಜಿನ ಅಧ್ಯಕ್ಷರು ಕರೆಸಿ ಸಿಹಿ ಟೀ ಕೊಟ್ಟು, ಕೋಚ್, ಇನ್ನೊಂದು ವರ್ಷ, ಆಮೇಲೆ ನನ್ ಕೈಲಿ ಏನೂ ಇಲ್ಲ, ಅಂದರು. ಐವತ್ತೇಳರಲ್ಲಿ ಕೆಲಸ ಹೋದರೆ ಯಾರು ಕರೆಯುತ್ತಾರೆ, ಹೆದರಿಕೆ ಇದೆ ನನಗೆ, ಹೌದು, ರಟ್ಟಿನ ಪೆಟ್ಟಿಗೆ ಕಂಡರೆ ಹೆದರಿಕೆ.

ಫಾಂಟೆನೊ ವಿಮಾನದಲ್ಲಿ ಬರಲಿಲ್ಲ, ಐದು ಗಂಟೆ ತನ್ನ ಹಳೇ ಪಿಕಪ್ ಟ್ರಕ್ಕು ಓಡಿಸಿಕೊಂಡು ಬಂದ, ಬರುವಾಗ ಅನ್ನ ತುಂಬಿದ ಹಂದಿಮಾಂಸದ ಸಾಸೇಜು ಒಂದು ಪೆಟ್ಟಿಗೆ ಮಂಜುಗಡ್ಡೆಯಲ್ಲಿಟ್ಟು ತಂದ, ನಮ್ಮ ಕಚೇರಿಯ ಮಿಸ್ ಯೂಲಾ, ನನಗೇ ಒಂದು ದಿನವೂ ನಗದವಳು, ಅದನ್ನು ಬಿಸಿ ಮಾಡಿಕೊಂಡು ತಂದಿಟ್ಟು, ಕೋಚ್ ಫಾಂಟೆನೊ, ಇನ್ನೊಂದ್ ತಗೊಳ್ಳಿ, ಅಂತ ಉಪಚಾರ ಮಾಡುತ್ತಿದ್ದಾಳೆ, ಎದುರಾಳಿಗೆ, ನನ್ನ ಕಣ್ಣೆದುರೇ! ತಿಂದೆ ನಾನೂ, ಎರಡು ತಿಂದೆ, ರುಚಿಯಾಗಿತ್ತು, ಏನು ಮಾಡಲಿ, ಕರುಳಿಗೆ ಹಗೆತನ ಗೊತ್ತಿಲ್ಲ. ಬೆರಳು ನೆಕ್ಕುತ್ತ, ಏನೋ ಹವಾಮಾನ ಕೇಳುವವನ ಹಾಗೆ ಕೇಳಿದೆ — ಅಲ್ಲ ಕೋಚ್, ಒಂದ್ ಮಾತು, ನಾನು ಪಾಸ್ ಆಡಿಸ್ತೀನಿ, ಚೆಂಡು ಎಸೆಸ್ತೀನಿ ಅಂತ ನಿಮಗೆ ಮೊದಲೇ ಹೇಗೆ ಗೊತ್ತಾಗ್ತಿತ್ತು? ಸಾಸೇಜು ಬಾಯಿಯ ಹತ್ತಿರವೇ ನಿಂತಿತು ಅವನದು. ಕಣ್ಣಲ್ಲಿ ನಗು. ಓ, ಅದಾ, ಅಂದ. ಅದಕ್ಕೇನಾ ಕರೆಸಿದ್ದು? ಛೇ ಛೇ, ಅಂದೆ ನಾನು, ಹಾಗೇ ಕೇಳಿದೆ, ಕುತೂಹಲ, ಅಂತ ನನ್ನ ಬಾಯಿ ಹೇಳುತ್ತಿದೆ, ಕಿವಿ ಮಾತ್ರ ಬಿಸಿಯಾಗುತ್ತಿದೆ, ಕಳ್ಳನ ಮನಸ್ಸು ಹುಳ್ಳಹುಳ್ಳಗೆ ಅಂದರೆ ಇದೇ ಇರಬೇಕು. ಅವನು ಕೈ ಒರೆಸಿಕೊಂಡ, ಟೋಪಿ ತೆಗೆದುಕೊಂಡ, ಎದ್ದ. ಕೋಚ್, ಆಟದ ಹಾಳೆನ ಎದುರಿನವರು ತಲೆಕೆಳಗಾಗಿ ಹಿಡ್ಕೊಂಡಿದ್ರೂ ಓದ್ತೀನಿ ನಾನು, ನಲವತ್ತು ವರ್ಷದ ಅಭ್ಯಾಸ, ನಿಮ್ಮ ಕಡತದ ಕೆಳಗಡೆಯಿಂದ ಸ್ಟಾಕ್‌ಡೇಲ್ ಅಂತ ಹೆಸರು ಇಣುಕ್ತಾ ಇದೆ, ಬಂದು ಕೂತ ಐದು ನಿಮಿಷಕ್ಕೇ ನೋಡಿದೆ. ಮೂರು ಗಂಟೆ ಹೊತ್ತಿನಿಂದ ಗೊತ್ತಿದ್ದೂ ಬರೆದಿದ್ದಾನೆ, ಅಳಿಸಿದ್ದಾನೆ, ನಕ್ಕಿದ್ದಾನೆ! ಮತ್ತೆ ಎದ್ದು ಹೋಗಲಿಲ್ಲ ಯಾಕೆ, ಅಂತ ಕೇಳಿದೆ. ಹೋಗೋಣ ಅಂತಿದ್ದೆ, ಆಮೇಲೆ ಸಾಸೇಜ್ ಬಿಸಿ ಮಾಡ್ತೀನಿ ಅಂದ್ರು ಮಿಸ್ ಯೂಲಾ. ನಾಚಿಕೆಯಾಯಿತು ನನಗೆ, ನೆಲ ಬಾಯಿ ಬಿಡಬಾರದೇ ಅನ್ನಿಸಿತು, ಅವನೋ ಬಾಗಿಲವರೆಗೆ ಹೋದವನು ಹಿಡಿಕೆ ಹಿಡಿದು ತಿರುಗಿದ, ಇಷ್ಟು ಹೊತ್ತು ನೀವು ನೀವು ಅನ್ನುತ್ತಿದ್ದವನು ಒಮ್ಮೆಗೇ, ನಿನ್ ಪ್ಯಾಂಟು ಕಣೋ, ಅಂದ.

ಪ್ಯಾಂಟು? ಪಾಸ್ ಆಡಿಸೋ ಮುಂಚೆ ನೀನು ಎರಡೂ ಕೈಯಲ್ಲಿ ಪ್ಯಾಂಟು ಮೇಲಕ್ಕೆ ಎಳ್ಕೊಳ್ತೀಯ, ಓಡಿಸೋದಾದ್ರೆ ಇಲ್ಲ, ಸುಮ್ನೆ ನಿಂತಿರ್ತೀಯ, ನಾನು ಮೇಲೆ ಗಾಜಿನ ಕೋಣೇಲಿ ದುರ್ಬೀನು ಹಿಡ್ಕೊಂಡು ಕೂತಿರ್ತೀನಲ್ಲ, ಚೆಂಡನ್ನ ನೋಡೋದೇ ಇಲ್ಲ, ನಿನ್ನ ನೋಡ್ತೀನಿ, ಒಂಬತ್ತು ವರ್ಷದಿಂದ ನಿನ್ನ ಸೊಂಟನ ನಿನ್ ಹೆಂಡ್ತಿಗಿಂತ ಜಾಸ್ತಿ ನೋಡಿರೋನು ನಾನು. ಯಾರಿಗೂ ಹೇಳಿಲ್ಲ, ಅಂದ. ಈಗ ಯಾಕೆ ಹೇಳಿದ್ರಿ, ಕೆಲಸ ಇಲ್ಲ ಅಂತ ಗೊತ್ತಿದ್ದೂ? ನಿನ್ ಹುಡುಗರು ಪಾಪ ಕಣೋ, ಚೆನ್ನಾಗಾಡ್ತಾರೆ, ಅವರ ಕೋಚ್‌ಗೆ ಒಂದು ಒಳ್ಳೆ ಬೆಲ್ಟ್ ಇರಲಿ ಅಂತ, ಅಂದ, ಹೋದ, ಮೊಗಸಾಲೆಯಲ್ಲಿ ಮಿಸ್ ಯೂಲಾಳ ನಗು ಕೇಳಿಸುತ್ತದೆ, ಬಾಗಿಲು ತಾನೇ ಮುಚ್ಚಿಕೊಳ್ಳುತ್ತದೆ. ಸುಳ್ಳು, ಅನ್ನುತ್ತೇನೆ ಖಾಲಿ ಕೋಣೆಗೆ, ಶುದ್ಧ ಸುಳ್ಳು, ಪರದೆಯ ಮೇಲೆ ಹೋದ ಅಕ್ಟೋಬರಿನ ಪಂದ್ಯ ಹಾಕುತ್ತೇನೆ, ಆಟ ಅಲ್ಲ, ಮೂಲೆಯಲ್ಲಿ ನಿಂತ ನಾನು, ಟೋಪಿ, ಹೊಟ್ಟೆ, ಆಟದ ಹಾಳೆ — ಹಾಳೆಯನ್ನು ಕಂಕುಳಲ್ಲಿ ಸಿಕ್ಕಿಸುತ್ತಾನೆ ಆ ಮನುಷ್ಯ, ಎರಡು ಕೈ ಸೊಂಟಕ್ಕೆ ಹೋಗುತ್ತವೆ, ಎಳೆಯುತ್ತಾನೆ, ಚೆಂಡು ಗಾಳಿಯಲ್ಲಿ. ಹಿಂದಕ್ಕೆ ಓಡಿಸು, ಮತ್ತೆ, ಎರಡು ಕೈ, ಎಳೆತ, ಪಾಸ್. ಸುಮ್ಮನೆ ನಿಂತಿದ್ದಾನೆ, ಓಟ. ಎರಡು ಕೈ, ಪಾಸ್. ಅದರ ಹಿಂದಿನ ವರ್ಷದ್ದು, ಅದರ ಹಿಂದಿನದು, ಹೊಟ್ಟೆ ಸ್ವಲ್ಪ ಚಿಕ್ಕದು, ಪ್ಯಾಂಟು ಬೇರೆ, ಕೈ ಅವೇ, ಅಯ್ಯೋ ದೇವರೇ, ಆ ಬಟ್ಟೆ ಒಗೆಯುವವನಿಗೆ ನಾನು ಕ್ಷಮೆ ಕೇಳಬೇಕು. ಡಾಟಿಗೆ ಫೋನು ಮಾಡುತ್ತೇನೆ, ಡಾಟಿ, ನಾನು ಪ್ಯಾಂಟು ಎಳ್ಕೊಳ್ತೀನಾ? ಮೂವತ್ತು ವರ್ಷದಿಂದ, ಅನ್ನುತ್ತಾಳೆ, ಏನಾದ್ರೂ ಧೈರ್ಯ ಮಾಡೋಕೆ ಮುಂಚೆ, ನನ್ನ ಮದುವೆ ಆಗ್ತೀಯಾ ಅಂತ ನಿಮ್ಮಮ್ಮನ ಅಂಗಳದಲ್ಲಿ ಕೇಳ್ದಾಗ ಪ್ಯಾಂಟಿನ ಹೊಲಿಗೆ ಬಿಚ್ಕೊಳ್ಳುತ್ತೋ ಏನೋ ಅಂತ ಹೆದರಿದ್ದೆ, ನೀನು ಬಾಯಿ ತೆರೆಯೋಕೆ ಮುಂಚೇನೇ ನಾನು ಹೂಂ ಅಂದಿದ್ದು ಯಾಕೆ ಅಂದ್ಕೊಂಡೆ? ಹೇಳಬಾರದಿತ್ತಾ ಇಷ್ಟು ವರ್ಷ! ನೀನು ಕೇಳಲಿಲ್ಲವಲ್ಲ, ಅನ್ನುತ್ತಾಳೆ, ಏನೋ ಹುರಿಯುತ್ತಿರುವ ಸದ್ದು, ಇಟ್ಟುಬಿಡುತ್ತಾಳೆ.

ಟ್ರೆವರ್ ನಾಲ್ಕು ಗಂಟೆ ತನ್ನನ್ನೇ ತೋರಿಸಿದ, ಈ ಮನುಷ್ಯ ಒಂಬತ್ತು ವರ್ಷ ನನ್ನನ್ನು ನೋಡಿದ — ಎದುರಿನವರ ಸೊಂಟವನ್ನೂ ಬಿಡದೆ ನೋಡುವವನು ನನ್ನ ಕಡೆ ಇದ್ದರೆ, ನಮ್ಮ ಲೀಗಿನ ಮಿಕ್ಕ ಒಂಬತ್ತು ಕೋಚ್‌ಗಳ ಪ್ಯಾಂಟು, ಮೂಗು, ಕಿವಿ, ಎಲ್ಲ ಅವನ ತಲೆಯಲ್ಲಿದೆಯಲ್ಲ, ಅಷ್ಟೇ ಅಲ್ಲ, ಅದು ನೆಪ, ನಿಜ ಬೇರೆ, ಕೈಯಲ್ಲಿದ್ದ ಒಂದೇ ತುರುಪನ್ನು, ಕೆಲಸ ಸಿಗುವುದಿಲ್ಲ ಅಂತ ತಿಳಿದ ಮೇಲೆ, ಮೋಸ ಮಾಡಿದವನ ಮೇಜಿನ ಮೇಲೆ ನಗುತ್ತ ಇಟ್ಟು ಹೋದನಲ್ಲ, ಅಂಥ ಇನ್ನೊಬ್ಬನನ್ನು ನಾನು ಈ ಕಸುಬಿನಲ್ಲಿ ಕಂಡಿಲ್ಲ, ಅವನು ಬೇಕು ನನಗೆ, ಅವನ ಜೊತೆ ಸೋತರೂ ಸರಿ. ಓಡುತ್ತಿದ್ದೇನೆ, ಮೊಗಸಾಲೆ, ಮೆಟ್ಟಿಲು, ಮೊಣಕಾಲು ಬೈಯುತ್ತಿದೆ, ಮಿಸ್ ಯೂಲಾ ಕುರ್ಚಿಯಿಂದ ಏಳದೆ, ಎಡಗಡೆ ಬಾಗಿಲು ಕೋಚ್, ಕಪ್ಪು ಟ್ರಕ್ಕು, ಎಷ್ಟೊತ್ತು ಮಾಡ್ತೀರ ನೀವು, ಕಾಫಿ ಕೊಟ್ಟು ಕೂರಿಸ್ಕೊಂಡಿದ್ದೆ, ಈಗ್ತಾನೆ ಎದ್ರು, ಅನ್ನುತ್ತಾಳೆ, ಹೊರಗೆ ಬಿಸಿಲು, ಜನವರಿಯ ತಣ್ಣನೆ ಬಿಸಿಲು, ಲ್ಯಾಸಿಟರ್‌ಗೆ ಏನು ಹೇಳುವುದು, ಅಧ್ಯಕ್ಷರಿಗೆ ಏನು ಹೇಳುವುದು, ಆಮೇಲೆ, ಟ್ರಕ್ಕು ಆಗಲೇ ಹಿಂದಕ್ಕೆ ಬರುತ್ತಿದೆ, ಅಡ್ಡ ನಿಲ್ಲುತ್ತೇನೆ, ಬ್ರೇಕು ಕಿರುಚುತ್ತದೆ, ಕಿಟಕಿ ಇಳಿಯುತ್ತದೆ, ನೀಲಿ ಮಸಿ ಮೆತ್ತಿದ ಅಂಗೈ ಹೊರಗೆ ಬರುತ್ತದೆ, ಏನು, ಸಾಸೇಜ್ ಪೆಟ್ಟಿಗೆ ವಾಪಸ್ ಕೊಡೋಕೆ ಬಂದೆಯಾ, ಅನ್ನುತ್ತಾನೆ. ಉಸಿರು ಬರುತ್ತಿಲ್ಲ, ಕ್ಷಮಿಸಿ ಅನ್ನಬೇಕು ಮೊದಲು, ಆಮೇಲೆ ಕೆಲಸ ನಿಮ್ಮದು ಅನ್ನಬೇಕು, ಅಥವಾ ಕೆಲಸ ಮೊದಲು, ಲ್ಯಾಸಿಟರ್ ನನ್ನನ್ನು ಕೋಳಿಗಳ ಜೊತೆ ನೇತುಹಾಕುತ್ತಾನೆ, ಹಾಕಲಿ, ಬಾಯಿ ತೆರೆಯುತ್ತೇನೆ, ಇನ್ನೂ ಒಂದಕ್ಷರ ಹೊರಟಿಲ್ಲ, ಫಾಂಟೆನೊ ನನ್ನ ಮುಖವನ್ನು ನೋಡುತ್ತಿಲ್ಲ, ಕೆಳಗೆ ನೋಡುತ್ತಿದ್ದಾನೆ, ಹಲ್ಲಿಲ್ಲದ ಆ ನಗು ಅಗಲವಾಗುತ್ತಿದೆ, ಕೀಲಿ ತಿರುಗಿಸಿ ಎಂಜಿನ್ ಆರಿಸುತ್ತಾನೆ, ಬಾಗಿಲು ತೆರೆಯುತ್ತಾನೆ, ಒಪ್ಪಿದೆ ಕಣೋ, ಅನ್ನುತ್ತಾನೆ, ಯಾಕೆ, ನಾನಿನ್ನೂ ಕೇಳಿಲ್ಲವಲ್ಲ, ನಾನೂ ಕೆಳಗೆ ನೋಡುತ್ತೇನೆ — ಎರಡು ಕೈ, ನನ್ನವೇ, ಸೊಂಟದ ಮೇಲೆ, ಬಿಗಿಯಾಗಿ ಹಿಡಿದಿವೆ, ಎಳೆಯುತ್ತಿವೆ, ಎರಡು ಕೈ, ಮೇಲಕ್ಕೆ, ಇನ್ನೂ ಮೇಲಕ್ಕೆ, ಎರಡು ಕೈ