ಉಪ್ಪು ನೋಡುವ ನಾಲಿಗೆ

ಜಲನಗರದ ರಹಿಮಾಬಿಗೆ ಸಿಟ್ಟು ಮೂಗಿನ ತುದಿಯಲ್ಲೇ. ಮೊನ್ನೆ ಪಕ್ಕದ ಮನೆಯ ಸಖೂಬಾಯಿ ಕಿಟಕಿಯಲ್ಲಿದ್ದ ಬುಟ್ಟಿ ನೋಡಿ, "ಬಿಸಲಿಗಿಟ್ಟ ಬಟಾಟಿ ಹಸರಾಗ್ಯಾವ, ಮೊಳಕಿನೂ ಬಂದಾವ. ಒಗದ ಬಿಡ ಬೇ," ಅಂದದ್ದೇ ತಪ್ಪಾಯಿತು.

"ನನ್ನ ಬುಟ್ಟ್ಯಾಗ ನಿಂದೇನ ಕಣ್ಣು?" ಎಂದು ರಹಿಮಾಬಿ ಮಾತೇ ಬಿಟ್ಟಳು. ಪ್ರತಿ ರಂಜಾನಿನಲ್ಲಿ ಈ ಮನೆಯ ಅಡುಗೆಯ ಉಪ್ಪು ನೋಡುತ್ತಿದ್ದವಳು ಸಖೂಬಾಯಿ. ರೋಜಾ ಹಿಡಿದ ಮನೆಯಲ್ಲಿ ಬಾಯಿಗೆ ಹಾಕಿ ನೋಡುವ ದೊಡ್ಡವರು ಬೇರೆ ಯಾರು? ಮುನಿಸಿನ ಮೇಲೆ ಎಲ್ಲವೂ ಅಂದಾಜು. ಒಂದು ದಿನ ಸಪ್ಪೆ, ಒಂದು ದಿನ ಉಪ್ಪೋ ಉಪ್ಪು. ಆದರೂ ಮೀಸೆ ಮಣ್ಣಾಗಲಿಲ್ಲ ಬಿಡಿ.

ಇವತ್ತು ಮೊಮ್ಮಗಳು ಶಾಹೀನಳ ಮೊದಲ ರೋಜಾ. ಸಂಜೆಗೆ ಬಟಾಟೆ ವಡೆಯೇ ಬೇಕೆಂದು ಹಟ ಹಿಡಿದಿದ್ದಳು. ರಹಿಮಾಬಿ ಅದೇ ಬುಟ್ಟಿಯ ಬಟಾಟೆಗಳ ಮೊಳಕೆ ಕಿತ್ತು, ಕುದಿಸಿ, ಸಿಪ್ಪೆ ಸುಲಿದಳು. ಒಳಗೂ ಹಸಿರು! ಕುದಿಸಿದ ಮೇಲೆ ಎಂಥ ದೋಷ ಎಂದುಕೊಂಡು ಧಾರಾಳವಾಗಿ ಅರಿಶಿನ ಸುರಿದು ಕಲಸಿದಳು. ಹಸಿರು ಮಾಯವಾಯಿತು, ಮನಸ್ಸಿನ ಅಳುಕು ಹೋಗಲಿಲ್ಲ.

"ದಾದಿಮಾ, ವಡಾ ಆತೇನ?" ಶಾಹೀನ ಬಾಡಿದ ಮುಖ ಹೊತ್ತು ಅಡುಗೆಮನೆಯ ಬಾಗಿಲಲ್ಲಿ ಕೂತಳು. ನಸುಕಿನಿಂದ ಹನಿ ನೀರೂ ಕುಡಿಯದ ಕೂಸು. ಆ ಖಾಲಿ ಹೊಟ್ಟೆಗೆ ಹೋಗುವುದು ಇದೇ ಅಲ್ಲವೇ? ರಹಿಮಾಬಿ ಸೊಕ್ಕನ್ನು ಅಲ್ಲೇ ಬಿಟ್ಟು, ಒಂದು ಚಮಚ ಪಲ್ಯ ಹಿಡಿದು ಪಕ್ಕದ ಮನೆಗೆ ಓಡಿದಳು.

"ಸಖೂ, ಒಂಚೂರು ಉಪ್ಪು ನೋಡ ಬೇ."

ಸಖೂಬಾಯಿ ನಾಲಿಗೆಗೆ ಮುಟ್ಟಿಸಿ, ಥೂ ಎಂದು ಉಗುಳಿದಳು. "ಕಹಿ ಐತಿ! ಅರಿಶಿಣ ಹಾಕಿ ಯಾರನ್ನ ಮಳ್ಳ ಮಾಡತಿ? ಹಸರಾದ ಬಟಾಟ್ಯಾಗಿನ ವಿಷ ಕುದಿಸಿದ್ರೂ ಹೋಗೂದಿಲ್ಲ, ಕರದ್ರೂ ಹೋಗೂದಿಲ್ಲ. ಕೂಸು ವಾಂತಿ ಮಾಡಕೋತ ಕೂಡತಿತ್ತಲ್ಲ!"

"ತಪ್ಪಾತು ನಂದು." ರಹಿಮಾಬಿಯ ಕಣ್ಣು ತುಂಬಿತು. "ಈಗೇನ ಮಾಡ್ಲಿ? ಅಜಾನ್ ಆಗೂ ಹೊತ್ತು ಬಂತು."

ನಾಳಿನ ಏಕಾದಶಿ ಉಪವಾಸಕ್ಕೆಂದು ಗೋಣಿಚೀಲದಲ್ಲಿ, ಕತ್ತಲ ಮೂಲೆಯಲ್ಲಿ ಇಟ್ಟಿದ್ದ ಗಟ್ಟಿ ಬಟಾಟೆಗಳನ್ನು ಸಖೂಬಾಯಿ ಸೆರಗಿಗೆ ತುಂಬಿಕೊಂಡಳು. "ನಡಿ ನಡಿ, ಕುಕ್ಕರ್ ಇಡು."

ಕಹಿ ಪಲ್ಯ ಕಸದ ಬುಟ್ಟಿ ಸೇರಿತು. ಇಬ್ಬರೂ ಕೂಡಿ ಹೊಸದು ಕಲಸಿದರು, ಉಪ್ಪನ್ನು ಸಖೂಬಾಯಿಯೇ ನೋಡಿದಳು. ಅಜಾನ್ ಕೇಳಿಸಿದಾಗ ಶಾಹೀನ ಖರ್ಜೂರ ತಿಂದು, ನೀರು ಕುಡಿದು, ಬಿಸಿ ವಡೆಗೆ ಬಾಯಿ ಹಾಕಿ ಹಾ ಹೂ ಎನ್ನುತ್ತ ನಕ್ಕಳು. ರಹಿಮಾಬಿಗೆ ಹೋದ ಜೀವ ಬಂದಂತಾಯಿತು.

"ನಾಳಿನೂ ಬಾ ಬೇ, ಉಪ್ಪು ನೋಡಾಕ."

"ನಾಳಿ ನಂದೂ ಉಪವಾಸ ಅಲ್ಲೇನ? ಎರಡೂ ಮನಿ ಉಪ್ಪು ಯಾರ ನೋಡಬೇಕ?"

ಶಾಹೀನ ತುಂಬಿದ ಬಾಯಲ್ಲೇ ಕೈ ಎತ್ತಿದಳು. "ನಾ ನೋಡ್ತೀನಿ! ನಾಳಿ ನಂದು ರೋಜಾ ಇಲ್ಲ."