ಮೂಗಿಗೆ ಕಟ್ಟಿದ ಕಾಫಿ ಚೀಲ

ವಿಮಾನದ ಮೂಗು ಏಳುತ್ತಿದೆ, ನಾನು ಎತ್ತದೆಯೇ ಏಳುತ್ತಿದೆ, ಎದುರಿಗಿದ್ದ ಸಿಲ್ವರ್ ಓಕ್ ಸಾಲು ಜಾರಿಹೋಗಿ ಬರೀ ಆಕಾಶ ಕಾಣುತ್ತಿದೆ, ಒತ್ತು ಮಾನಸ, ಹಿಡಿಯನ್ನು ಮುಂದಕ್ಕೆ ಒತ್ತು — ಒತ್ತಿದರೂ ಜಗ್ಗದು, ಬಿಟ್ಟಂಗಾಲದ ಗದ್ದೆಯಿಂದ ಎದ್ದು ಇನ್ನೂ ಸರಿಯಾಗಿ ಉಸಿರು ತೆಗೆದುಕೊಂಡಿಲ್ಲ, ಆಗಲೇ ಗಿರಿಯಣ್ಣನ ಬ್ಯಾಟರಿ ವಿಮಾನಕ್ಕೆ ಇಷ್ಟು ಕೊಬ್ಬು. ವರ್ಷಗಟ್ಟಲೆ ಶೆಡ್ಡಿನಲ್ಲಿ ಕೂತು ಕಟ್ಟಿದ, ತನ್ನಂಥ ದಪ್ಪ ಆಳಿನ ಲೆಕ್ಕಕ್ಕೇ ಕಟ್ಟಿದ, ಹಾರಿಸಲು ಬರುವುದು ಮಾತ್ರ ನನಗೆ, ನಾನೋ ಕಡ್ಡಿ, ತೂಕ ಸರಿಹೋಗಲೆಂದು ಮೂಗಿನೊಳಗೆ ಒಂದು ಚೀಲ ಕಾಫಿಹಣ್ಣು — ಚೀಲ, ಹೌದು, ಚೀಲ, ಹೋದ ವಾರ ತೂಗಿದ್ದು ನಾನು, ಇವತ್ತು ಎತ್ತಿ ಕಟ್ಟಿದ್ದು ಗಿರಿಯಣ್ಣ, ನಡುವೆ ಅದು ಇದ್ದದ್ದು ತೋಟದಾಳುಗಳ ಸಾಲಿನ ನಮ್ಮ ಲೈನ್‌ಮನೆಯಲ್ಲಿ, ಅವ್ವನ ಕಣ್ಣೆದುರು. ಬೆಳಿಗ್ಗೆ ಲೋಟ ಕೈಗಿಡುತ್ತಾ ಏನೋ ಅಂದಳಲ್ಲ, ನಾನು ಗಾಳಿ ಯಾವ ಕಡೆಯದೆಂದು ನೋಡುತ್ತಿದ್ದೆ, ಕಿವಿಗೆ ಬಿದ್ದದ್ದು ತಲೆಗೆ ಹೋಗಲಿಲ್ಲ, ಈಗ ಹೋಗುತ್ತಿದೆ ಅವಳಂದದ್ದು, ಹಸಿ ಹಣ್ಣ ಹಂಗೇ ಕಟ್ಟಿಟ್ರೆ ಬೂಸ್ಟು ಹಿಡೀತದೆ ಕಣವ್ವಾ, ಕಣದಲ್ಲಿ ಹರವಿ ಒಣಗ್ಸಿ ತುಂಬಿವ್ನಿ. ಒಣಗಿಸಿದ್ದಾಳೆ. ಜನ್ಮವೆಲ್ಲ ಕಾಫಿ ಪಿಕ್ಕಿಂಗ್ ಮಾಡಿದ ಕೈ, ಹಣ್ಣು ಕೊಳೆಯುವುದನ್ನು ನೋಡಿ ಸುಮ್ಮನಿರುತ್ತದೆಯೇ, ವಿಮಾನದ ಭಾರವನ್ನೇ ಬಿಸಿಲಿಗೆ ಹಾಕಿ ಅರ್ಧ ಮಾಡಿದ್ದಾಳೆ, ನಗು ಬರುತ್ತಿದೆ, ಬಿದ್ದರೆ ಗಿರಿಯಣ್ಣ ಇನ್ನೊಂದನ್ನು ಕಟ್ಟುವುದಿಲ್ಲ, ಕೆಳಗೆ ವಿಡಿಯೊ ಮಾಡಲು ಫೋನು ಹಿಡಿದು ನಿಂತವರು ಚೀಲದ ಮಾತು ಎತ್ತುವುದಿಲ್ಲ, ಹೆಣ್ಣಿನ ಕೈಗೆ ಕೊಟ್ಟರೆ ಇನ್ನೇನಾಗುತ್ತೆ ಅಂತಾರೆ, ನನ್ನ ಹಿಂದೆ ಬರುವವಳ ಕೈಗೂ ಯಾರೂ ಕೊಡುವುದಿಲ್ಲ. ಮುಂದೆ ಭಾರ ಬೇಕು, ನನ್ನ ಹತ್ತಿರ ಇರುವ ಭಾರ ನಾನೊಬ್ಬಳೇ — ಮೋಟಾರು ತಗ್ಗಿಸು, ಭುಜದ ಪಟ್ಟಿ ಸಡಿಲಿಸು, ಬಗ್ಗು, ನಾಟಿಗೆ ಬಗ್ಗಿದ ಹಾಗೆ ಬಗ್ಗು, ಗದ್ದ ಮೀಟರಿಗೆ ತಾಗಲಿ, ಇನ್ನೂ — ಓಕ್ ಮರಗಳ ತುದಿ ಮತ್ತೆ ಕಂಡವು, ಅಬ್ಬ, ಹೇಳಿದ ಮಾತು ಕೇಳುತ್ತಿದೆ ವಿಮಾನ.

ಮೆಲ್ಲಗೆ ತಿರುಗುತ್ತಿದ್ದೇನೆ, ಎಷ್ಟು ಚೆಂದ ಇದೆ ಕೆಳಗೆ, ಹೆದರಿಕೆಯಲ್ಲೂ ಚೆಂದವೇ, ಕೊಯ್ದ ಗದ್ದೆ, ತಲೆ ಮೇಲೆ ಕೈ ಹೊತ್ತ ಗಿರಿಯಣ್ಣ, ಪಕ್ಕದಲ್ಲಿ ಅವ್ವ — ಇದೇನು ಮಾಡುತ್ತಿದ್ದಾಳೆ, ಬಲಗೈ ಮೇಲಕ್ಕೆ ಚಾಚಿದ್ದಾಳೆ, ಎತ್ತರದ ರೊಬಸ್ಟಾ ಕಾಫಿ ಕೊಂಬೆಯನ್ನು ಮುರಿಯದಂತೆ ಬಗ್ಗಿಸುವಾಗ ಚಾಚುತ್ತಾಳಲ್ಲ ಹಾಗೆ, ಬೆರಳು ಮಡಚಿ ಮೆಲ್ಲಮೆಲ್ಲಗೆ ಕೆಳಗೆ ತರುತ್ತಿದ್ದಾಳೆ, ನಾನೂ ಅಷ್ಟೇ ಮೆಲ್ಲಗೆ ಇಳಿಯುತ್ತಿದ್ದೇನೆ, ಬದು ದಾಟಿತು, ಕೂಳೆ ಚಕ್ರಕ್ಕೆ ತಾಗಿತು, ಒಮ್ಮೆ ಕುಪ್ಪಳಿಸಿ ಕೂತಿತು, ಓಡುತ್ತಿದೆ, ನಿಧಾನವಾಗುತ್ತಿದೆ, ಇವತ್ತೇ ಮತ್ತೆ ಹಾರಬೇಕು, ಈ ಸಲ ಮರಳು ತುಂಬಬೇಕು, ಮರಳನ್ನು ಅವಳು ಒಣಗಿಸಿದರೂ ಒಣಗಿಸಿಯಾಳು, ಗಿರಿಯಣ್ಣ ಓಡಿ ಬರುತ್ತಿದ್ದಾನೆ, ವಿಮಾನ ನಿಂತಿದೆ, ಅವ್ವನ ಕೈ ಮಾತ್ರ ಹಿಡಿದದ್ದನ್ನು ಬಿಟ್ಟಿಲ್ಲ, ಗಾಳಿಯಲ್ಲಿ ಹಾಗೇ ಇದೆ, ಆ ಕೈ, ಮಡಚಿದ ಆ ಬೆರಳು, ಆ ಕೈ